ಮದ್ದಿನ ಮಾತಿಗೆ ಊರು, ತಾರೀಕು ಬೇಡವೇ?

ಕೊಳೆರೋಗದ ಮದ್ದಿನ ಬಗ್ಗೆ ಈಗ ವಾಟ್ಸಾಪಿನಲ್ಲಿ ಬಂದು ಬೀಳುವಷ್ಟು ಮಾಹಿತಿ ಹಿಂದೆಂದೂ ಕೃಷಿಕನಿಗೆ ಸಿಕ್ಕಿರಲಿಲ್ಲ. ಆದರೆ ಅದನ್ನೇ ನಂಬಿ ಮೈಲುತುತ್ತು ತೂಗಬಹುದೇ ಎಂದು ಕೇಳಿದರೆ ಧೈರ್ಯವಾಗಿ ಹೌದೆನ್ನುವವರು ಎಷ್ಟು ಮಂದಿ? ತಪ್ಪು ಫೋನಿನದ್ದಲ್ಲ. ಫೋನಿನಲ್ಲಿ ಕೃಷಿ ಮಾತಾಡುವುದಕ್ಕೆ ಒಂದು ಕ್ರಮವನ್ನು ನಾವಿನ್ನೂ ಕಟ್ಟಿಕೊಂಡಿಲ್ಲ, ಅಷ್ಟೆ.

ಕ್ರಮ ಎಂಬುದು ಮಾಧ್ಯಮದ ಜತೆಗೆ ತಾನಾಗಿ ಬರುವುದಿಲ್ಲ. ಬಳಸುವವರು ಮಾಡಿಕೊಳ್ಳಬೇಕು. ಹಿರಿಯರು ಮಾಡಿಕೊಂಡದ್ದನ್ನೇ ನೋಡಿ. ನೆನಪೇ ಕಾಗದವಾಗಿದ್ದ ಕಾಲಕ್ಕೆ ಗಾದೆ ಹುಟ್ಟಿತು. ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರ, ಅದಕ್ಕೆ ಪ್ರಾಸ ಹಾಕಿದ ಒಂದೆರಡು ಸಾಲು. ಯಾವ ಮಳೆಗೆ ಬಿತ್ತಬೇಕು, ಯಾವುದನ್ನು ನಂಬಬಾರದು ಎಂದು ಹೇಳುವುದಕ್ಕೆ ಅಷ್ಟು ಸಾಕು. ಆದರೆ ಕಿಲೋ-ಲೀಟರಿನ ಲೆಕ್ಕ ಹೊರುವ ಶಕ್ತಿ ಗಾದೆಗಿಲ್ಲ.

ಅಳತೆಯ ಮದ್ದು ಬಂದಾಗ ಅಚ್ಚಿನ ಪುಸ್ತಿಕೆ ಬೇಕಾಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಅಧ್ಯಯನ ಮಾಡಿ 1910ರಲ್ಲಿ ಅದರ ಮೇಲೆ ಪುಸ್ತಿಕೆ ತಂದರು. ಶೇಕಡಾ ಒಂದರ ಬೋರ್ಡೋ ದ್ರಾವಣವೆಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಇದರಲ್ಲಿ ಒಂದು ಮಾತು ತಪ್ಪಿದರೂ ಎಳೆಗಾಯಿಗೆ ಕುತ್ತು. ಇಂಥದ್ದಕ್ಕೆ ಪ್ರಾಸ ಪ್ರಯೋಜನಕ್ಕೆ ಬಾರದು, ಅಂಕಿಯೇ ಬೇಕು.

ಹೊಸ ಮಾಧ್ಯಮ ಮೊದಲು ಹಳೆಯದರ ಅಂಗಿ ತೊಟ್ಟೇ ಬರುತ್ತದೆ. ರೇಡಿಯೋದಲ್ಲಿ ಬರೆದು ತಂದ ಭಾಷಣವನ್ನು ಓದುವ ರೂಢಿಯಿತ್ತು. ಕೇಳುವವನಿಗೆ ಪುಟ ಹಿಂದೆ ತಿರುಗಿಸಲು ಆಗುವುದಿಲ್ಲವಲ್ಲ! ಹಾಗಾಗಿ ಇಬ್ಬರು ಜಗಲಿಯಲ್ಲಿ ಕೂತು ಮಾತಾಡಿದಂತೆ, ಮುಖ್ಯವಾದದ್ದನ್ನು ಎರಡೆರಡು ಸಲ ಹೇಳುವ ಸಂಭಾಷಣೆಯ ಕ್ರಮ ಬೆಳೆಯಿತು. 1967ರಲ್ಲಿ ದೆಹಲಿಯಿಂದ ದೂರದರ್ಶನದ 'ಕೃಷಿ ದರ್ಶನ' ಶುರುವಾದಾಗ ಮಾಡಿ ತೋರಿಸುವ ಕ್ರಮ ಸೇರಿಕೊಂಡಿತು. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಬಂತು. ಅಲ್ಲಿ ಮೊದಲು ಬಾಯಿ ತೆರೆಯುವವನು ಕೃಷಿಕ. ಆದರೆ ಉತ್ತರ ಒಬ್ಬನ ಕಿವಿಗೆ ಬಿದ್ದು ಅಲ್ಲಿಗೇ ಮುಗಿಯಿತು.

ಪತ್ರಿಕೆಯ ಪ್ರಶ್ನೋತ್ತರ ಹಾಗಲ್ಲ. ಪ್ರಶ್ನೆಯ ಕೆಳಗೆ ಹೆಸರು, ಊರು. ಸಂಚಿಕೆಯ ಮೇಲೆ ತಿಂಗಳು, ವರ್ಷ. ಉತ್ತರ ಸರಿಯಿಲ್ಲದಿದ್ದರೆ ಮುಂದಿನ ತಿಂಗಳು ಇನ್ನೊಬ್ಬರ ಕಾಗದ: "ನಮ್ಮಲ್ಲಿ ಹಾಗೆ ಆಗಲಿಲ್ಲ." ನಂಬಿಕೆ ಬಂದದ್ದು ಇಂಥ ಸಣ್ಣಪುಟ್ಟ ಕಟ್ಟುಪಾಡುಗಳಿಂದ.

ವಾಟ್ಸಾಪಿಗೆ ನಾವು ಈ ಅಂಗಿ ತೊಡಿಸಲಿಲ್ಲ. ತೊಡಿಸಿದ್ದು ಹಳೆಯ ಕಾಲದ ಸರಪಳಿ ಕಾರ್ಡಿನದ್ದು! ದೇವರ ಹೆಸರಿನಲ್ಲಿ ಕಾರ್ಡು ಬರುತ್ತಿತ್ತು. ಹತ್ತು ಜನರಿಗೆ ಬರೆದು ಹಾಕಿದರೆ ಒಳ್ಳೆಯದು, ಹಾಕದಿದ್ದರೆ ಕೇಡು ಎಂದು. ಈಗ "ಎಲ್ಲ ಕೃಷಿಕರಿಗೂ ತಲುಪಿಸಿ" ಎನ್ನುತ್ತದೆ. ಬರೆದವರು ಯಾರು, ಎಲ್ಲಿಯವರು? ತಿಳಿಯದು. 2018ರಲ್ಲಿ ವಾಟ್ಸಾಪಿನವರೇ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಬೇಕಾಯಿತು.

ದೊಡ್ಡ ಅಪಾಯ ತಾರೀಕಿನದ್ದು. ಫಾರ್ವರ್ಡ್ ಆದ ಮಾತಿನ ಮೇಲೆ ನಮಗೆ ಬಂದು ತಲುಪಿದ ದಿನ ಕಾಣುತ್ತದೆ, ಹುಟ್ಟಿದ ದಿನ ಕಾಣುವುದಿಲ್ಲ. ಎಂಡೋಸಲ್ಫಾನ್ ಮಾರಾಟ, ಬಳಕೆಯನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಅದರ ಶಿಫಾರಸು ಕಂಡರೆ ಮುಖಪುಟ ನೋಡಿ "ಇದು ಹಳೆಯದು" ಎಂದು ಪಕ್ಕಕ್ಕಿಡುತ್ತೇವೆ. ಅದೇ ಪುಟದ ಫೋಟೋ ಇವತ್ತು ಬೆಳಿಗ್ಗೆ ಫೋನಿಗೆ ಬಂದರೆ? ಹದಿನೈದು ವರ್ಷ ಹಳೆಯ ಮಾತು ಹೊಸ ಸಲಹೆಯಾಗಿ ಕೂರುತ್ತದೆ.

ಹಾಗಂತ ಫೋನು ಬೇಡ ಎನ್ನುವವನು ನಾನಲ್ಲ. ಪೆನ್ನು ಹಿಡಿದು ಪತ್ರಿಕೆಗೆ ಒಂದು ಕಾಗದ ಬರೆಯದವರು, ಅದರಲ್ಲೂ ಹೆಂಗಸರು, ತಮ್ಮ ಅನುಭವವನ್ನು ಈಗ ಧ್ವನಿ ಸಂದೇಶದಲ್ಲಿ ಚೆಂದವಾಗಿ ಹೇಳುತ್ತಾರೆ. ಇದು ಸಣ್ಣ ಲಾಭವಲ್ಲ.

ನಾನು ಹೇಳುವುದಿಷ್ಟೆ. ಮದ್ದು, ಗೊಬ್ಬರದ ಸಂದೇಶಕ್ಕೆ ಐದು ಸಂಗತಿ ಕಡ್ಡಾಯ ಇರಲಿ: ಹೇಳುವವರ ಹೆಸರು, ಊರು, ತಾರೀಕು, ಅಳತೆ (ಎಷ್ಟು ನೀರಿಗೆ ಎಷ್ಟು), ಮತ್ತು ಸ್ವಂತ ತೋಟದಲ್ಲಿ ಮಾಡಿ ನೋಡಿದ್ದೋ ಕೇಳಿದ್ದೋ ಎಂಬುದು. ಇವನ್ನು ಸಂದೇಶದ ಒಳಗೇ ಹೇಳಬೇಕು. ಆಗ ಎಷ್ಟು ಕೈ ದಾಟಿದರೂ ಜತೆಯಲ್ಲೇ ಹೋಗುತ್ತವೆ. ಪುರುಸೊತ್ತಿಲ್ಲ ಎನ್ನಬೇಡಿ. ಬಾಯಲ್ಲಿ ಹೇಳಿದರೆ ಅರ್ಧ ನಿಮಿಷದ ಕೆಲಸ. ಇಲ್ಲದ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು "ಯಾವ ಊರು, ಯಾವಾಗಿನದ್ದು ಮಾರಾಯ್ರೇ?" ಎಂದು ಕೇಳಿ. ಹತ್ತು ಜನ ಕೇಳಲು ಶುರುಮಾಡಿದರೆ ಹನ್ನೊಂದನೆಯವರು ಕೇಳುವ ಮೊದಲೇ ಹೇಳುತ್ತಾರೆ. ಕ್ರಮ ಹುಟ್ಟುವುದೇ ಹಾಗೆ.

ನಿಮ್ಮ ಗುಂಪಿನಲ್ಲಿ ಇದಕ್ಕಿಂತ ಒಳ್ಳೆಯ ಕ್ರಮ ಇದ್ದರೆ ಬರೆದು ತಿಳಿಸಿ. ಹೆಸರು, ಊರು, ತಾರೀಕು ಹಾಕಲು ಮರೆಯಬೇಡಿ.