ಹಾಲು ಕಕ್ಕುವ ಕೂಸಿಗೆ ಬಜೆ, ಜೇನು ನೆಕ್ಕಿಸಬೇಕೆ?

ಹಾಲು ಕುಡಿಸಿ ಹೆಗಲಿಗೆ ಹಾಕಿಕೊಂಡರೆ ಸಾಕು, ಕೂಸು ಕಕ್ಕುತ್ತದೆ. ಅಜ್ಜಿ ದೃಷ್ಟಿಯಾಗಿದೆ ಅನ್ನುತ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ, ಬೋರಲು ಮಲಗಿಸಿ ಎಂಬ ಫಾರ್ವರ್ಡ್ ಹಾಕುತ್ತಾರೆ. ಚಿಕ್ಕಪೇಟೆಯ ಗ್ರಂದಿಗೆ ಅಂಗಡಿಗೆ ಹೋಗಿ ಬಜೆ ತರುವುದು ಸುಲಭ. ಆದರೆ ತರುವ ಮೊದಲು ಇದನ್ನು ಓದಿ.

ಅನ್ನನಾಳ ಜಠರವನ್ನು ಸೇರುವಲ್ಲಿ ಬಳೆಯಂಥ ಒಂದು ಸ್ನಾಯುವಿದೆ. ಎಳೆಗೂಸಿನಲ್ಲಿ ಅದು ಪದೇ ಪದೇ ಸಡಿಲವಾಗುತ್ತದೆ. ಕುಡಿಯುವುದೆಲ್ಲ ಹಾಲು, ಜಠರ ಪುಟ್ಟದು, ದಿನವಿಡೀ ಮಲಗಿಯೇ ಇರುವುದು. ಹಾಲು ವಾಪಸ್ ಬರುವುದು ಸಹಜ. ಮೂರು-ನಾಲ್ಕು ತಿಂಗಳ ಕೂಸುಗಳಲ್ಲಿ ಸುಮಾರು ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ಮೊಸರಿನಂತೆ ಗಟ್ಟಿಯಾಗಿ ಬರುವುದಕ್ಕೆ ಕಾರಣ ಹೊಟ್ಟೆಯ ಆಮ್ಲ, ಅಜೀರ್ಣವಲ್ಲ. 'ಕುಡಿದದ್ದೆಲ್ಲ ಹೋಯಿತು' ಅನ್ನಿಸಿದರೆ ಒಂದು ಚಮಚ ಹಾಲನ್ನು ಬಟ್ಟೆಯ ಮೇಲೆ ಚೆಲ್ಲಿ ನೋಡಿ, ಕಲೆ ಎಷ್ಟಗಲ ಹರಡುತ್ತದೆಂದು!

ಬಜೆಯಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕವಿರುತ್ತದೆ. ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಬಜೆಯಿಂದ ಆಗುವ ತೊಂದರೆಗಳಲ್ಲಿ ವಾಂತಿಯೂ ಒಂದು. ವಾಂತಿಗೆ ವಾಂತಿಯೇ ಮದ್ದು ಅಂದಂತಾಯಿತು. ಇನ್ನು ಜೇನು. ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ವರ್ಷ ತುಂಬುವ ತನಕ ಒಂದು ಹನಿಯೂ ಬೇಡ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. ಹಳೆಯ ತಯಾರಿಕೆಯಲ್ಲಿ ಆಲ್ಕೋಹಾಲೇ ಇತ್ತು. ಈಗ ಅದಿಲ್ಲ, ಆದರೆ ಕಕ್ಕುವುದನ್ನು ನಿಲ್ಲಿಸುತ್ತದೆ ಎನ್ನಲು ಪುರಾವೆಯೂ ಇಲ್ಲ. ಗಟ್ಟಿಯಾಗಿ ಕೂರಲಿ ಎಂದು ಆರು ತಿಂಗಳ ಮೊದಲೇ ರಾಗಿ ಸರಿ ತಿನ್ನಿಸುವುದೂ ಬೇಡ.

ಬೋರಲು ಮಲಗಿಸುವ ಸಲಹೆ ಎಲ್ಲಕ್ಕಿಂತ ಅಪಾಯದ್ದು. ಅಂಗಾತ ಮಲಗಿದರೆ ಹಾಲು ಉಸಿರಿನ ನಾಳಕ್ಕೆ ಹೋಗುತ್ತದೆ ಎಂಬ ಭಯ ಸಹಜವೇ. ಆದರೆ ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಬಂದ ಹಾಲು ಕೆಳಗಿನ ಅನ್ನನಾಳಕ್ಕೇ ಮರಳುತ್ತದೆ. ಬೋರಲು ಮಲಗಿಸಿದರೆ ಇದು ತಿರುವುಮುರುವು. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಲು ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲಿ ದಿಢೀರನೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ದಿಂಬೂ ಬೇಡ.

ಮಾಡಬೇಕಾದದ್ದು ಸ್ವಲ್ಪವೇ: ಒಮ್ಮೆಗೆ ಕಡಿಮೆ, ಹೆಚ್ಚು ಸಲ ಕುಡಿಸಿ; ತೇಗಿಸಿ; ಅರ್ಧ ಗಂಟೆ ನೆಟ್ಟಗೆ ಎತ್ತಿಕೊಂಡಿರಿ.

ಕಾಯಬಾರದ ವಾಂತಿಗಳೂ ಇವೆ. ಹಸಿರು ಬಣ್ಣದ್ದಾದರೆ ಕರುಳು ಕಟ್ಟಿರಬಹುದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಆ ಭಾಗದವರಿಗೆ ಕೋಟೆ ಬಳಿ ವಾಣಿ ವಿಲಾಸ ಆಸ್ಪತ್ರೆಯಿದೆ, 1935ರಿಂದ. ಮೂರರಿಂದ ಆರು ವಾರದ ಕೂಸು ಪ್ರತಿ ಸಲವೂ ದೂರಕ್ಕೆ ಚಿಮ್ಮುವಂತೆ ಕಕ್ಕಿದರೆ ಜಠರದ ಬಾಯಿ ಕಟ್ಟಿಕೊಂಡಿರಬಹುದು. ಅದು ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ರಕ್ತ, ಜ್ವರ, ಮಂಕು, ಮೂತ್ರ ಕಡಿಮೆಯಾಗುವುದು, ಇವಕ್ಕೂ ತಡಮಾಡಬೇಡಿ. ಇವ್ಯಾವುದೂ ಇಲ್ಲದೆ, ತಾಯಿ ಕಾರ್ಡಿನಲ್ಲಿ ಬರೆಸಿದ ತೂಕ ಏರುತ್ತಲೇ ಇದ್ದರೆ, ಹೆಗಲಿಗೆ ಇನ್ನೊಂದು ಬಟ್ಟೆ ಹಾಕಿಕೊಳ್ಳಿ, ಅಷ್ಟೆ.