ನಳದ ನೀರೂ ಬೇಕು, ನಕ್ಷತ್ರವೂ ಬೇಕು

"ನಮ್ಮ ನಳದಾಗ ನೀರ ಬರಂಗಿಲ್ಲ, ಇವ್ರಿಗೆ ಬ್ಯಾರೆ ಸೂರ್ಯನ ಗ್ರಹ ಬೇಕಾಗ್ಯಾವ!"

ಹೊಸಪೇಟೆಯ ನಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಕಂಪ್ಲಿಯ ಅತ್ತಿಗೆ ಹೀಗೆಂದು ನಕ್ಕರು. ತಂಗಿಯ ಮಗಳು ಖಗೋಳಶಾಸ್ತ್ರ ಓದುತ್ತೇನೆಂದದ್ದೇ ತಪ್ಪಾಗಿತ್ತು. ಅವತ್ತು ನಾನು ಸುಮ್ಮನಿದ್ದೆ. ಈಗ ಸುಮ್ಮನಿರಲಾರೆ.

ಅತ್ತಿಗೆಗೆ ನೀರಿನ ಬೆಲೆ ಗೊತ್ತು, ನೀರಿನ ಭಯವೂ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ಹೊಳೆದಂಡೆಯ ಊರುಗಳೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದವು. ಆದರೆ ಆ ಚೈನು ಕಡಿದದ್ದು ಆಕಾಶ ನೋಡುವವರಿಂದಲ್ಲ. ನಳ ಒಣಗಿರುವುದೂ ದೂರದರ್ಶಕದ ದೆಸೆಯಿಂದಲ್ಲ.

ಹಂಪಿಯ ವಿರೂಪಾಕ್ಷ ಗುಡಿಯ ಕತ್ತಲೆ ಕೋಣೆಯಲ್ಲಿ ಗೋಪುರ ತಲೆಕೆಳಗಾಗಿ ಮೂಡುವುದನ್ನು ನೀವೂ ನೋಡಿರಬಹುದು. ಕಿಂಡಿಯಿಂದ ಬಂದ ಒಂದಿಷ್ಟು ಬೆಳಕು ಹೊರಗಿನ ಗೋಪುರವನ್ನೇ ಒಳಗೆ ತಂದು ನಿಲ್ಲಿಸುತ್ತದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೊ ನಮ್ಮ ಸೂರ್ಯನಂಥ ಬೇರೊಂದು ನಕ್ಷತ್ರಕ್ಕೆ ಗ್ರಹವಿದೆಯೆಂದು ತಿಳಿದದ್ದೂ ಬೆಳಕನ್ನು ನಂಬಿಯೇ. ಗ್ರಹವನ್ನು ಅವರು ಕಣ್ಣಾರೆ ಕಾಣಲಿಲ್ಲ. ಅದರ ಸೆಳೆತಕ್ಕೆ ನಕ್ಷತ್ರ ಓಲಾಡಿದಾಗ ಬೆಳಕಿನಲ್ಲಾದ ವ್ಯತ್ಯಾಸವನ್ನು ಅಳೆದರು. ಅದಕ್ಕೆ 2019ರಲ್ಲಿ ನೊಬೆಲ್ ಬಂತು. ಈಗ ಇಂಥ ಗ್ರಹಗಳ ಲೆಕ್ಕ 6000 ದಾಟಿದೆ.

ಇದರಿಂದ ನಮಗೇನು? ಸಂಡೂರಿನ ಗುಡ್ಡ ನೋಡಿ. ಅಲ್ಲಿನ ಕಬ್ಬಿಣದ ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು. ಆಗ ಇದೇ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಉಸಿರಾಡಲಾಗದ ಗ್ರಹ ಬಾಳುವ ಮನೆಯಾದದ್ದು ಹೇಗೆ? ಒಂದೇ ಮಗುವನ್ನು ನೋಡಿ ಎಲ್ಲ ಮಕ್ಕಳೂ ಹೀಗೇ ಎನ್ನಲಾಗುವುದಿಲ್ಲವಲ್ಲ, ಹಾಗೇ ಒಂದೇ ಭೂಮಿಯನ್ನು ನೋಡಿ ಹೇಳಲಾಗದು. ಬೇರೆ ಗ್ರಹಗಳನ್ನೂ ನೋಡಬೇಕು. ಇಷ್ಟು ಸಾವಿರದಲ್ಲಿ ಜೀವವಿದೆಯೆಂದು ಖಚಿತವಾದದ್ದು ಇನ್ನೂ ಒಂದೂ ಇಲ್ಲ. ಲಾರಿಗಟ್ಟಲೆ ಅಗೆದು ಸಾಗಿಸಿದ ನಮಗೆ ಇದು ತಿಳಿಯಲೇಬೇಕಾದ ಲೆಕ್ಕ. ಹಾಳುಮಾಡಿ ಹೋಗಲು ಎರಡನೆಯ ಮನೆ ಸಿಕ್ಕಿಲ್ಲ.

ಇನ್ನೊಂದು ಮಾತು. 2019ರಲ್ಲಿ ಭಾರತಕ್ಕೆ ಒಂದು ನಕ್ಷತ್ರ, ಅದರ ಒಂದು ಗ್ರಹ ಇವಕ್ಕೆ ಹೆಸರಿಡುವ ಅವಕಾಶ ಬಂತು. ಗ್ರಹಕ್ಕೆ 'ಸಂತಮಸ' ಎಂದರು. ಎರಡು ದಿನಕ್ಕೆ ತುಸು ಹೆಚ್ಚು ಹೊತ್ತಿನಲ್ಲಿ ಒಂದು ಸುತ್ತು ಮುಗಿಸುವ ಗ್ರಹ ಅದು. ನಕ್ಷತ್ರಕ್ಕೆ 'ಬಿಭಾ' ಎಂದರು. ಬಿಭಾ ಚೌಧುರಿ ಭೌತವಿಜ್ಞಾನಿ. ನಮ್ಮ ಕೋಲಾರದ ಚಿನ್ನದ ಗಣಿಯೊಳಗಿನ ಪ್ರಯೋಗಗಳಲ್ಲೂ ದುಡಿದವರು. 1991ರಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರ ಹೆಸರು ಹೆಚ್ಚಿನವರಿಗೆ ತಿಳಿದಿರಲೇ ಇಲ್ಲ.

ನಮ್ಮ ಮನೆಯ ಹುಡುಗ ಇಂಜಿನಿಯರಿಂಗ್ ಸೇರುವಾಗ ನಳದ ನೀರಿನ ಮಾತು ಯಾರೂ ಎತ್ತಲಿಲ್ಲ. ಹುಡುಗಿ ಆಕಾಶ ಎಂದೊಡನೆ ಕೊಡ ನೆನಪಾಯಿತು! ಮೊದಲು ಮನೆ, ಆಮೇಲೆ ಲೋಕ ಎಂಬ ನಿಯಮ ನಮಗಷ್ಟೇ ಏಕೆ?

ಅತ್ತಿಗೇ, ನೀರು ಬಿಡುವವರ ಹತ್ತಿರ ನಾವಿಬ್ಬರೂ ಕೊಡ ಹಿಡಿದೇ ಹೋಗಿ ಜಗಳವಾಡೋಣ. ಹುಡುಗಿ ಮಾತ್ರ ಮಾಳಿಗೆಯ ಮೇಲೆ ಆಕಾಶ ನೋಡುತ್ತ ಕೂತಿರಲಿ.