ಬಟ್ಟೆ ಆಮೇಲೆ, ಮೊದಲು ತಗಡು ನೋಡಿ

ಹಳೇ ಕಾರು ಇರೋ ಮನೆಯವರಿಗೆ ಈ ಲಕ್ಷಣ ಚೆನ್ನಾಗಿ ಗೊತ್ತಿರುತ್ತೆ. ಹಿಂದಿನ ಸೀಟಲ್ಲಿ ಕೂತವರ ತಲೆಗೆ ಏನೋ ಸವರಿದ ಹಾಗಾಗುತ್ತೆ. ಮೇಲೆ ನೋಡಿದ್ರೆ ರೂಫ್ ಲೈನಿಂಗ್ ಮದುವೆ ಚಪ್ಪರದ ಬಟ್ಟೆ ಥರ ಜೋತುಬಿದ್ದಿರುತ್ತೆ. ಮೊದಲ ವರ್ಷ ಗುಂಡುಸೂಜಿ, ಎರಡನೇ ವರ್ಷ ಸೆಲೋಟೇಪ್, ಮೂರನೇ ವರ್ಷ ಯಾರೋ ಬಂಧುಗಳು, ‘ಇನ್ನೂ ಯಾಕ್ರೀ ಇಟ್ಕೊಂಡಿದೀರಾ ಇದನ್ನ?’ ಅಂತ ಕೇಳ್ತಾರೆ.

ನಮ್ಮನೇಲೂ ಅದೇ ಪ್ರಶ್ನೆ ಬಂದಿತ್ತು. ನಮ್ಮದು 1987ರ ಪ್ರೀಮಿಯರ್ ಪದ್ಮಿನಿ. ಈಗಿನ ಹುಡುಗರಿಗೆ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಅಂದ್ರೆ ಬೇಗ ಹೊಳೆಯುತ್ತೆ. 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳೂ ರಸ್ತೆಯಿಂದ ಇಳಿದವು. ಅದಕ್ಕೂ ಎಷ್ಟೋ ಮೊದಲೇ ಪದ್ಮಿನಿ ತಯಾರಾಗೋದೇ ನಿಂತುಹೋಗಿತ್ತು. 15 ವರ್ಷ ದಾಟಿದ ಕಾರಿಗೆ ಪ್ರತಿ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕಲ್ಲ, ನಮ್ಮದಕ್ಕೆ 2027ರಲ್ಲಿ ಮತ್ತೆ ಸರದಿ. ಅಪ್ಪ ಒಂದು ದಿನ, ‘ಅಷ್ಟರೊಳಗೆ ಗುಜರಿಗೆ ಹಾಕಿಬಿಡೋಣ ಕಣೋ’ ಅಂದ್ರು. ನಾನು, ‘ಮೊದಲು ರೂಫ್ ಬಿಚ್ಚಿ ನೋಡೋಣ ಅಪ್ಪ, ಆಮೇಲೆ ತೀರ್ಮಾನ ಮಾಡೋಣ’ ಅಂದೆ.

ಯಾಕೆ ಅಂತ ಹೇಳ್ತೀನಿ. ರೂಫ್ ಲೈನಿಂಗ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಈಗಿನ ಕಾರುಗಳಲ್ಲಿ ಅಚ್ಚು ಹೊಡೆದ ಒಂದು ಬೋರ್ಡ್ ಇರುತ್ತೆ, ಅದರ ಮೇಲೆ ತೆಳು ಫೋಮ್ ಇರೋ ಬಟ್ಟೆ ಅಂಟಿಸಿರ್ತಾರೆ. ಬಿಸಿಲು, ತೇವಕ್ಕೆ ಆ ಫೋಮ್ ಪುಡಿಪುಡಿಯಾದಾಗ ಬಟ್ಟೆ ಕೆಳಗೆ ಬರುತ್ತೆ. ಅಂಟು ಅಲ್ಲೇ ಇರುತ್ತೆ, ಅದು ಹಿಡ್ಕೊಳ್ಳೋಕೆ ಫೋಮೇ ಉಳಿದಿರಲ್ಲ. ಅದಕ್ಕೇ ಇಳಿದ ಬಟ್ಟೆಗೆ ಮೇಲಿಂದ ಅಂಟು ಸ್ಪ್ರೇ ಮಾಡಿದ್ರೆ ತಿಂಗಳೊಪ್ಪತ್ತಲ್ಲಿ ಮತ್ತೆ ಜೋತುಬೀಳುತ್ತೆ.

ಪದ್ಮಿನಿ, ಅಂಬಾಸಿಡರ್ ಕಾಲದ ಕಾರುಗಳ ಕಥೆ ಬೇರೆ. ಅಲ್ಲಿ ಬೋರ್ಡ್ ಇಲ್ಲ. ಅಡ್ಡಡ್ಡಕ್ಕೆ ಬಾಗಿದ ಕಬ್ಬಿಣದ ಕಂಬಿಗಳು. ರೆಕ್ಸಿನ್ ಹಿಂಬದಿಗೆ ಲಂಗದ ಲಾಡಿ ಪಟ್ಟಿ ಥರ ಬಟ್ಟೆಯ ನಳಿಗೆ ಹೊಲಿದು, ಅದರೊಳಗೆ ಕಂಬಿ ತೂರಿಸಿರ್ತಾರೆ. ಅಂಚುಗಳನ್ನ ಎಳೆದು ತಗಡಿಗೆ ಅಂಟಿಸ್ತಾರೆ. ಇಲ್ಲಿ ಬಟ್ಟೆ ಇಳೀತು ಅಂದ್ರೆ ಹೊಲಿಗೆ ಬಿಟ್ಟಿರಬೇಕು, ಅಂಚಿನ ಅಂಟು ಬಿಟ್ಟಿರಬೇಕು, ಇಲ್ಲಾ ಮೇಲಿಂದ ನೀರು ಬರ್ತಿರಬೇಕು. ಮೂರನೆಯದೇ ಅಪಾಯ. ತಗಡಿಗೆ ಒಳಗಿನಿಂದ ತುಕ್ಕು ಹಿಡಿಯುತ್ತೆ, ಲೈನಿಂಗ್ ಅದನ್ನ ಮುಚ್ಚಿಟ್ಟಿರುತ್ತೆ. ಹೊರಗೆ ಪೇಂಟ್ ಉಬ್ಬೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ.

ಮೊದಲು ಹೋದ ಅಂಗಡಿಯವರು, ‘ಕಂಬಿ ಎಲ್ಲ ಯಾಕೆ ಸಾರ್? ತೆಗೆದು ಬಿಸಾಕಿ ಫೋಮ್ ಬಟ್ಟೆ ಸೀದಾ ತಗಡಿಗೇ ಅಂಟಿಸಿಬಿಡ್ತೀವಿ, ಸಂಜೆಗೆ ಗಾಡಿ ಕೊಡ್ತೀವಿ’ ಅಂದ್ರು. ನಮ್ಮ ಕಡೆ ಡೆಡ್‌ಲೈನ್ ಹತ್ರ ಬಂದಾಗ ಬಗ್ ಬಿಟ್ಟು ಎರರ್ ಮೆಸೇಜ್ ಮಾತ್ರ ಅಡಗಿಸ್ತಾರಲ್ಲ, ಹಾಗೆ. ಕಂಬಿ ಒಂದ್ಸಲ ಗುಜರಿಗೆ ಹೋದ್ರೆ ಅದೇ ಬಾಗಿನ ಇನ್ನೊಂದು ಸುಲಭಕ್ಕೆ ಸಿಗಲ್ಲ.

ಕೊನೆಗೆ ಬೆಂಗಳೂರಿನ ಜೆ.ಸಿ. ರೋಡ್ ಪಕ್ಕದ ಗಲ್ಲಿಯಲ್ಲಿ, ಸೀಟ್ ಕವರ್ ಹೊಲಿಯೋ ಹಿರಿಯ ಮೇಸ್ತ್ರಿ ಒಬ್ಬರು ಸಿಕ್ಕರು. ಅವರು ಬಟ್ಟೆಯ ಸ್ಯಾಂಪಲ್ಲೇ ತೋರಿಸಲಿಲ್ಲ. ‘ಮಳೆ ಬಂದಾಗ ಎಲ್ಲಿ ಒದ್ದೆ ಆಗುತ್ತೆ ಹೇಳಿ’ ಅಂದ್ರು. ಅಷ್ಟಕ್ಕೇ ನನಗೆ ನಂಬಿಕೆ ಬಂತು.

ಬಿಚ್ಚೋ ಕೆಲಸಾನೇ ಒಂದು ದಿನ ಹಿಡೀತು. ಸನ್ ವೈಸರ್, ಕನ್ನಡಿ, ಒಳಗಿನ ಲೈಟು ತೆಗೆದರು. ನಮ್ಮ ಗಾಡೀಲಿ ಲೈನಿಂಗ್ ಅಂಚು ಗಾಜಿನ ರಬ್ಬರ್ ಬೀಡಿಂಗ್ ಕೆಳಗೆ ಹೋಗಿತ್ತು, ಹಾಗಾಗಿ ಮುಂದಿನ ಮತ್ತು ಹಿಂದಿನ ಗಾಜೂ ಹೊರಗೆ ಬಂದವು. ಕಂಬಿ ತೆಗೆಯುತ್ತಾ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆದರು. ಒಂದರ ಬಾಗು ಇನ್ನೊಂದಕ್ಕಿಲ್ಲ, ಅದಲುಬದಲಾದರೆ ಬಟ್ಟೆ ಸುಕ್ಕು ಬೀಳುತ್ತೆ. ಹರಿದ ಹಳೇ ಲೈನಿಂಗನ್ನ ಜೋಪಾನವಾಗಿ ಮಡಚಿಟ್ಟರು. ಹೊಸದು ಕತ್ತರಿಸೋಕೆ ಅದೇ ಅಳತೆ.

ಆಮೇಲೆ ಟಾರ್ಚ್ ಹಿಡಿದು ನಾವು ಮೂವರೂ ಮೇಲೆ ನೋಡಿದ್ವಿ. ಮುಂದಿನ ಗಾಜಿನ ಎಡಮೂಲೆಯಲ್ಲಿ ಅಂಗೈ ಅಗಲ ತುಕ್ಕು. ಹಿಂದೆ ಸೂಜಿಮೊನೆಯಷ್ಟು ಎರಡು ತೂತು. ಉಳಿದ ತಗಡು ಗಟ್ಟಿಯಾಗಿತ್ತು. ಅಪ್ಪ ಬೆರಳಲ್ಲಿ ತಟ್ಟಿ ತಟ್ಟಿ ಸದ್ದು ಕೇಳಿದರು. ‘ಇನ್ನೆರಡು ಮಳೆಗಾಲ ಬಿಟ್ಟಿದ್ರೆ ಕಷ್ಟ ಇತ್ತು’ ಅಂದ್ರು ಮೇಸ್ತ್ರಿ. ಗುಜರಿ ಮಾತು ಅವತ್ತಿಗೆ ಮುಗೀತು. ಟಿಂಕರಿಂಗ್‌ನವರು ತೂತು ವೆಲ್ಡ್ ಮಾಡಿದರು, ತುಕ್ಕು ಉಜ್ಜಿ ಪ್ರೈಮರ್ ಹೊಡೆದರು. ಲೈಟಿನ ಹಳೇ ವೈರ್ ಕೂಡ ಆಗಲೇ ಬದಲಾಯ್ತು. ಶಾಖ ತಡೆಯೋಕೆ ಹಳೇ ಸೆಣಬಿನ ಪದರದ ಬದಲು ನೀರು ಹೀರದ ಫೋಮ್ ಶೀಟ್ ಹಾಕಿಸಿದ್ವಿ.

ಬಟ್ಟೆ ಹಾಕೋದು ನೋಡೋಕೆ ಚೆಂದ. ಹೊಲಿದ ರೆಕ್ಸಿನ್ ಅನ್ನ ಮೊದಲು ಬಿಸಿಲಿಗೆ ಹಾಸಿದರು, ಮೆತ್ತಗಾದರೆ ಎಳೆದ ಹಾಗೆ ಬರುತ್ತೆ. ಕಂಬಿಗಳನ್ನ ತೂರಿಸಿ ಕೂರಿಸಿ, ಮಧ್ಯದಿಂದ ಶುರು ಮಾಡಿ ಮುಂದಕ್ಕೆ, ಹಿಂದಕ್ಕೆ, ಕೊನೆಗೆ ಪಕ್ಕಗಳಿಗೆ ಎಳೆದರು. ಅಂಟನ್ನ ತಗಡಿಗೂ ಬಟ್ಟೆಗೂ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೇ ಒತ್ತಿದರು. ಅಲ್ಲಿವರೆಗೂ ಕ್ಲಿಪ್ಪಿನ ಆಸರೆ. ಉಳಿದ ಸಣ್ಣ ಸುಕ್ಕಿಗೆ ದೂರದಿಂದ ಬಿಸಿಗಾಳಿ. ಸ್ಕ್ರೂ ತೂತುಗಳನ್ನ ಎಲ್ಲಕ್ಕಿಂತ ಕೊನೆಗೆ ಕೊರೆದರು. ಮೊದಲೇ ಕೊರೆದರೆ ಎಳೆಯುವಾಗ ಅಲ್ಲಿಂದಲೇ ಹರಿಯುತ್ತೆ.

ಬಣ್ಣದ ವಿಷಯಕ್ಕೆ ನನ್ನ ತಂಗಿ ಕಪ್ಪು ಸ್ವೀಡ್ ಅಂದ್ಲು. ಅಪ್ಪ ಇದ್ದ ಹಾಗೇ ಇರಲಿ ಅಂದ್ರು. ನಾನು ಅಪ್ಪನ ಕಡೆ ವೋಟು ಹಾಕಿದೆ, ಅದಕ್ಕೊಂದು ಕಾರಣಾನೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಖಾಸಗಿ ವಾಹನವನ್ನ ‘ವಿಂಟೇಜ್’ ಅಂತ ನೋಂದಾಯಿಸಬಹುದು. ನಮ್ಮದಕ್ಕೆ 2037ರಲ್ಲಿ 50 ತುಂಬುತ್ತೆ. ಬಟ್ಟೆಯ ಬಣ್ಣವೊಂದರಿಂದ ಏನೂ ಆಗಲಿಕ್ಕಿಲ್ಲ. ಆದ್ರೆ ‘ಇಷ್ಟೇ ತಾನೇ’ ಅಂತ ಒಂದೊಂದೇ ಬದಲಾಯಿಸ್ತಾ ಹೋದ್ರೆ ಕೊನೆಗೆ ಉಳಿಯೋದು ನಂಬರ್ ಪ್ಲೇಟ್ ಮಾತ್ರ.

ನಿಮ್ಮನೇಲೂ ತಾತನದೋ ಅಪ್ಪನದೋ ಕಾರು ಹೀಗೇ ನಿಂತಿದ್ರೆ, ಅಂಗಡಿಯವರಿಗೆ ಮೂರು ಪ್ರಶ್ನೆ ಕೇಳಿ. ಬಿಚ್ಚಿದ ಮೇಲೆ ತಗಡು ತೋರಿಸಿ ಆಮೇಲೇ ಮುಂದಿನ ಕೆಲಸ ಮಾಡ್ತೀರಾ? ಕಂಬಿ ವಾಪಸ್ ಹಾಕ್ತೀರಾ? ಗಾಜಿನ ರಬ್ಬರ್ ಹೊಸದಾ? ಈ ರಬ್ಬರನ್ನ ಕೆಲಸ ಶುರುವಾಗೋಕೆ ಮುಂಚೆ ನೀವೇ ಹುಡುಕಿ ತಂದಿಟ್ಕೊಳ್ಳಿ. ವರ್ಷಗಟ್ಟಲೆ ಬಿಸಿಲು ತಿಂದು ಗಟ್ಟಿಯಾದ ಹಳೇ ರಬ್ಬರನ್ನೇ ವಾಪಸ್ ಕೂರಿಸಿದ್ರೆ ಮುಂದಿನ ಜೂನ್‌ನಲ್ಲಿ ನೀರು ಮತ್ತೆ ಅದೇ ದಾರಿ ಹಿಡಿಯುತ್ತೆ. ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕಿದ್ರೆ ಆರಾಮಾಗಿ ಕೂತು ಬಣ್ಣ ಆರಿಸಿ.